ಉಸಿರೆತ್ತುವ ಪಾಠ

ಬೇಸಿಗೆಯಲ್ಲಿ ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆ ಎಂದರೆ ಊರಿನಲ್ಲಿ ಸಂಜೆ ಏಳು ಗಂಟೆ. ಅಣ್ಣನ ಮಗಳು ಓದುತ್ತಿರುವ ಕೋಚಿಂಗ್ ಹಾಸ್ಟೆಲ್ಲಿನಲ್ಲಿ ಹುಡುಗಿಯರ ಕೈಗೆ ಫೋನು ಕೊಡುವುದು ವಾರಕ್ಕೆ ಅದೊಂದೇ ಹೊತ್ತು. ಮೊದಲ ಹತ್ತು ನಿಮಿಷ ಅಪ್ಪ ಅಮ್ಮನಿಗೆ, ಉಳಿದ ಐದು ನಿಮಿಷ ನನಗೆ.

ಹೋದ ವರ್ಷ ಒಂದು ಭಾನುವಾರ ಅವಳು ಹೇಳಿದಳು: "ಅತ್ತೆ, ಇಲ್ಲಿ ದಿನಾ ಬೆಳಿಗ್ಗೆ ಐದೂವರೆಗೆ ಹತ್ತು ನಿಮಿಷ ಧ್ಯಾನ ಮಾಡಿಸ್ತಾರೆ. ಮೈಂಡ್‌ಫುಲ್‌ನೆಸ್ ಅಂತೆ. ಉಸಿರು ನೋಡ್ಕೊಂಡು ಕೂತಿರೋವಾಗ ಚೆನ್ನಾಗೇ ಇರುತ್ತೆ. ಟೆಸ್ಟ್ ಪೇಪರ್ ಕೈಗೆ ಬಂದ ಕೂಡ್ಲೇ ಹೊಟ್ಟೆ ತೊಳಸುತ್ತೆ."

"ಫೇಲಾಗ್ತೀನಿ ಅಂತ ಭಯಾನಾ?" ಎಂದೆ.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಲ್ಲ ಅತ್ತೆ. ಪಾಸಾಗ್ತೀನಿ ಅಂತ."

ಪಾಸಾದರೆ ಡಾಕ್ಟರ್ ಓದಬೇಕು. ಅವಳಿಗೆ ಡಾಕ್ಟರ್ ಆಗುವುದು ಬೇಕಿಲ್ಲ. ಆ ಮಾತನ್ನು ಅವಳು ಎರಡು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಅಷ್ಟರಲ್ಲಿ ಯಾರೋ ಫೋನು ಕೇಳಿದರು, ಕರೆ ಮುಗಿಯಿತು.

ಅಂದು ಮಧ್ಯಾಹ್ನವೆಲ್ಲ ನನಗೆ ಇಪ್ಪತ್ತೈದು ವರ್ಷದ ಹಿಂದಿನ ಎರಡು ಕರಪತ್ರಗಳ ನೆನಪು. ನಾನು ಇಲ್ಲಿಗೆ ಓದಲು ಬಂದ ಹೊಸತು. ತರಗತಿಯಲ್ಲಿ ಬಾಯಿಬಿಟ್ಟು ಚರ್ಚೆ ಮಾಡುವುದಕ್ಕೂ ಅಂಕಗಳಿದ್ದವು. ಮೊಳಕಾಲ್ಮೂರು ತಾಲ್ಲೂಕಿನ ಸರ್ಕಾರಿ ಶಾಲೆಯಿಂದ ಹಿಡಿದು ಎಂ.ಎಸ್ಸಿ.ವರೆಗೆ 'ಗಲಾಟೆಯಿಲ್ಲದ ಹುಡುಗಿ' ಎನ್ನಿಸಿಕೊಂಡೇ ಮೇಲೆ ಬಂದವಳು ನಾನು. ಉತ್ತರ ಗೊತ್ತಿದ್ದರೂ ಕೈ ಮೇಲೇಳುತ್ತಿರಲಿಲ್ಲ. ಎದೆ ಡವಡವ, ಗಂಟಲು ಬಿಗಿತ. ನಾನು ಹೇಳಬೇಕೆಂದಿದ್ದನ್ನು ಪಕ್ಕದವನು ಅರ್ಧಂಬರ್ಧ ಹೇಳಿ ಶಾಭಾಸ್ ಎನ್ನಿಸಿಕೊಳ್ಳುತ್ತಿದ್ದ. ಇದರ ಮೇಲೆ ನನ್ನ ಮಾರ್ಗದರ್ಶಕರು ಬೇರೆಯವರು ತಿದ್ದಬೇಕಾದ ಉತ್ತರಪತ್ರಿಕೆಗಳನ್ನೂ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಆಗುವುದಿಲ್ಲ ಎನ್ನಲು ನನಗೆ ಬರುತ್ತಿರಲಿಲ್ಲ. ನಿದ್ದೆಗೆಟ್ಟು, ಕೊನೆಗೆ ವಿದ್ಯಾರ್ಥಿಗಳ ಸಲಹಾ ಕೇಂದ್ರಕ್ಕೆ ಹೋದೆ. ಅಲ್ಲಿದ್ದ ಹೆಂಗಸು ನನ್ನ ಮಾತು ಕೇಳಿ ಎರಡು ಕರಪತ್ರ ಕೊಟ್ಟರು. ಒಂದು ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿಯದು, ಇನ್ನೊಂದು ಅಸರ್ಟಿವ್‌ನೆಸ್ ತರಬೇತಿಯದು. ಒಂದೇ ಅಂತಸ್ತು, ಎದುರುಬದುರು ಕೋಣೆಗಳು. ಒಂದರಲ್ಲಿ ಸುಮ್ಮನೆ ಕೂರುವುದನ್ನು ಕಲಿಸುತ್ತಿದ್ದರು, ಇನ್ನೊಂದರಲ್ಲಿ ಮಾತಾಡುವುದನ್ನು. ಒಂದೇ ರೋಗಕ್ಕೆ ಇಷ್ಟು ಬೇರೆ ಬೇರೆ ಮದ್ದು ಯಾಕೆ ಎಂದು ಅಂದು ಅನ್ನಿಸಿತ್ತು. ಸೊಸೆಯ ಫೋನು ಬಂದ ಮೇಲೆ ಆ ಎರಡು ಕೋಣೆಗಳ ಚರಿತ್ರೆಯನ್ನು ಹುಡುಕಿ ಓದಿದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ರೋಗದ ವಿಚಾರ. ಪರೀಕ್ಷೆಯ ಭಯ ಹಳೆಯದೇ. ಅದನ್ನು ಅಳೆಯಬಹುದೆಂದು ತೋರಿಸಿದ್ದು ಮಾತ್ರ ಈಚೆಗೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಇಲಿಗಳಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಕಲಿಕೆಯ ಪ್ರಯೋಗ ಮಾಡಿದ್ದರು. ಕೆಲಸ ಕಷ್ಟದ್ದಾದರೆ, ಆಘಾತ ಒಂದು ಮಿತಿ ದಾಟಿದ ಮೇಲೆ ಇಲಿಗಳ ಕಲಿಕೆ ಕೆಡುತ್ತದೆ ಎಂದು ಕಂಡಿತು. ಹೆದರಿಸಿದಷ್ಟೂ ಓದುತ್ತಾರೆ ಎಂದು ನಂಬುವವರು ಈ ಇಲಿಗಳನ್ನು ನೆನೆಯಬೇಕು. 1952ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾರ್ಜ್ ಮ್ಯಾಂಡ್ಲರ್ ಮತ್ತು ಸೀಮೋರ್ ಸಾರಾಸನ್ ಪರೀಕ್ಷಾ ಆತಂಕವನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಆತಂಕ ಹೆಚ್ಚಿರುವ ವಿದ್ಯಾರ್ಥಿಗೆ 'ಇದು ನಿನ್ನ ಬುದ್ಧಿಯ ಪರೀಕ್ಷೆ' ಎನ್ನುವ ಸೂಚನೆಯೇ ಭಾರವಾಗುತ್ತದೆ. ಅವನ ಗಮನದ ಒಂದು ಪಾಲು ಲೆಕ್ಕದ ಮೇಲಿರುತ್ತದೆ, ಇನ್ನೊಂದು ಪಾಲು 'ನಾನು ಕೆಟ್ಟೆ, ಅವರು ಏನೆಂದುಕೊಂಡಾರು' ಎನ್ನುವುದರ ಮೇಲೆ. ಅಂದರೆ ಪರೀಕ್ಷೆಯ ಭಯದೊಳಗೆ ಯಾವಾಗಲೂ ಇನ್ನೊಬ್ಬ ಮನುಷ್ಯ ಕೂತಿರುತ್ತಾನೆ: ಮೇಷ್ಟ್ರೋ, ಅಪ್ಪನೋ, ನೆರೆಯವರೋ.

ಆ ಇನ್ನೊಬ್ಬನ ಮುಂದೆ ಬಾಯಿಬಿಡುವುದನ್ನು ಕಲಿಸಬೇಕು ಎಂದು ಹೊರಟದ್ದು ಎರಡನೆಯ ಕೋಣೆಯವರು. ಅವರ ಮೂಲಪುರುಷ ನ್ಯೂಯಾರ್ಕಿನ ಆಂಡ್ರೂ ಸಾಲ್ಟರ್. ರಷ್ಯಾದ ಪಾವ್ಲೋವ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಓದಿ, ಮನುಷ್ಯರಲ್ಲೂ ಅದುಮಿಟ್ಟುಕೊಳ್ಳುವ ಅಭ್ಯಾಸವೇ ಅನೇಕ ಮಾನಸಿಕ ಕಷ್ಟಗಳ ಬೇರು ಎಂದು ಅವರು ವಾದಿಸಿದರು. 1949ರಲ್ಲಿ ಬಂದ ಅವರ ಪುಸ್ತಕದಲ್ಲಿ ಆರು ಅಭ್ಯಾಸಗಳಿವೆ. ಅನಿಸಿದ್ದನ್ನು ಹೇಳು. ಅದು ಮುಖದಲ್ಲೂ ಕಾಣಲಿ. ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನು. 'ನಾನು' ಎಂಬ ಮಾತನ್ನು ಬೇಕೆಂದೇ ಬಳಸು. ಹೊಗಳಿದರೆ ಒಪ್ಪಿಕೋ. ಮುಂದಿನದನ್ನೇ ಲೆಕ್ಕ ಹಾಕದೆ ಈ ಹೊತ್ತಿಗೆ ತಕ್ಕಂತೆ ನಡೆ.

ಈ ಪಟ್ಟಿಯನ್ನು ಓದಿದಾಗ ನನಗೆ ನಗು ಬಂತು. ನಮ್ಮ ಮನೆಯಲ್ಲಿ 'ಹೀಗೆ ಮಾಡಬಾರದು' ಎಂದು ಹೇಳಿಕೊಟ್ಟದ್ದೆಲ್ಲ ಇಲ್ಲಿ 'ಹೀಗೆ ಮಾಡು' ಎಂದು ಬಂದಿತ್ತು. ಕನ್ನಡದಲ್ಲಿ 'ನಾನು' ಎನ್ನದೆಯೇ ದಿನ ಕಳೆಯಬಹುದು. 'ಬರ್ತೀನಿ', 'ನೋಡ್ತೀನಿ' ಎಂದರೆ ಸಾಕು, ಯಾರು ಎಂಬುದನ್ನು ಕ್ರಿಯಾಪದದ ಬಾಲವೇ ಹೇಳುತ್ತದೆ. 'ನಾನು ನಾನು' ಎಂದವರಿಗೆ ಅಹಂಕಾರಿ ಎಂಬ ಹೆಸರು. ಸೀರೆ ಚೆನ್ನಾಗಿದೆ ಎಂದು ಯಾರಾದರೂ ಅಂದರೆ 'ಅಯ್ಯೋ, ಇದು ಹಳೇದು' ಎನ್ನುವುದೇ ಮರ್ಯಾದೆ. ಮಾತು ಹೆಚ್ಚಾದರೆ ಬೈಯಲು ನಮ್ಮಲ್ಲಿ ಎಷ್ಟು ಪದಗಳು: ಬಾಯಿಬಡುಕಿ, ಗಯ್ಯಾಳಿ, ತಲೆಹರಟೆ, ಎದುರುತ್ತರ. ಮಾತು ಕಡಿಮೆಯಾದವರು ಪಾಪದವರು. ತನ್ನದನ್ನು ತಾನು ಹೇಳಿ, ಎದುರಿನವರನ್ನೂ ತುಳಿಯದೆ ಇರುವ ನಡುವಿನ ಗುಣಕ್ಕೆ ದಿನಬಳಕೆಯ ಪದವೇ ನನಗೆ ಸಿಗಲಿಲ್ಲ. ದಿಟ್ಟತನ ಎನ್ನಬಹುದು, ಆದರೆ ಅದರಲ್ಲಿ ಸ್ವಲ್ಪ ಎದೆಯುಬ್ಬಿಸಿದ ಹಾಗಿದೆ. ಅದರ ಎದುರು ಪದ ಮಾತ್ರ ನಮ್ಮಲ್ಲಿ ಅಚ್ಚುಕಟ್ಟಾಗಿದೆ: ದಾಕ್ಷಿಣ್ಯ. ಆ ಒಂದು ಪದವನ್ನು ಇಂಗ್ಲಿಷಿಗೆ ತರಲು ನನಗೆ ಇವತ್ತಿಗೂ ಆಗಿಲ್ಲ. ದಾಕ್ಷಿಣ್ಯಕ್ಕೆ ಬಸುರಾದವಳ ಗಾದೆ ಹೇಳಿ ನಗುವವರೂ ನಾವೇ, ದಾಕ್ಷಿಣ್ಯ ಇಲ್ಲದವಳು ಎಂದು ಬೈಯುವವರೂ ನಾವೇ.

ಸಾಲ್ಟರ್ ಬಿತ್ತಿದ್ದನ್ನು ಬೆಳೆಸಿದವರು ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ. ಎರಡನೇ ಮಹಾಯುದ್ಧದಲ್ಲಿ ಸೇನೆಯ ವೈದ್ಯರಾಗಿದ್ದ ಅವರು, ಯುದ್ಧದಲ್ಲಿ ಮನಸ್ಸು ಕಂಗೆಟ್ಟ ಸೈನಿಕರಿಗೆ ಆಗಿನ ಮದ್ದು ನಾಟದಿರುವುದನ್ನು ಕಂಡರು. 1958ರ ತಮ್ಮ ಪುಸ್ತಕದಲ್ಲಿ ಒಂದು ಸರಳ ತತ್ವವನ್ನು ಮುಂದಿಟ್ಟರು: ಒಂದೇ ಹೊತ್ತಿನಲ್ಲಿ ಎರಡು ವಿರುದ್ಧ ಸ್ಥಿತಿಗಳು ಮೈಯಲ್ಲಿ ಇರಲಾರವು. ಆತಂಕದ ಜೊತೆ ಇರಲಾರದ ಯಾವುದನ್ನಾದರೂ ಅಭ್ಯಾಸ ಮಾಡಿಸಿದರೆ ಆತಂಕ ಹಿಂದೆ ಸರಿಯುತ್ತದೆ. ಅಂಥವು ಯಾವುವು? ಮೈಯನ್ನು ಸಡಿಲ ಬಿಡುವುದು ಒಂದು. ತನ್ನ ಭಾವನೆಯನ್ನು ನೇರವಾಗಿ ಹೇಳುವುದು ಇನ್ನೊಂದು. ಸಿಟ್ಟು ಮಾತ್ರವಲ್ಲ, ಪ್ರೀತಿ, ಮೆಚ್ಚುಗೆ ಹೇಳುವುದೂ ಅದರಲ್ಲಿ ಸೇರಿತು. ಗಮನಿಸಬೇಕಾದದ್ದು ಇಷ್ಟು: ಸುಮ್ಮನಾಗುವುದು ಮತ್ತು ಮಾತಾಡುವುದು ಎರಡೂ ವೋಲ್ಪೆಯವರ ಒಂದೇ ಚೀಲದಲ್ಲಿದ್ದವು. ಎರಡು ಕೋಣೆಗಳಾದದ್ದು ಆಮೇಲೆ.

1970ರಲ್ಲಿ ರಾಬರ್ಟ್ ಆಲ್ಬರ್ಟಿ ಮತ್ತು ಮೈಕಲ್ ಎಮನ್ಸ್ ಎಂಬಿಬ್ಬರು ಈ ಅಭ್ಯಾಸಗಳನ್ನು ಜನಸಾಮಾನ್ಯರಿಗಾಗಿ ಪುಸ್ತಕ ಮಾಡಿದರು. ಸುಮ್ಮನೆ ಸಹಿಸುವುದು, ಮೇಲೆ ಬೀಳುವುದು, ಇವೆರಡರ ನಡುವೆ ಮೂರನೆಯ ದಾರಿಯಿದೆ, ಅದು ಎಲ್ಲರ ಹಕ್ಕು ಎಂಬುದು ಅದರ ಸಾರ. ಅದು ಕರಿಯರ ನಾಗರಿಕ ಹಕ್ಕುಗಳ ಹೋರಾಟ ಆಗಿನ್ನೂ ಬಿಸಿಯಾಗಿದ್ದ, ಹೆಂಗಸರ ಚಳವಳಿ ಏಳುತ್ತಿದ್ದ ಕಾಲ. 1975ರಲ್ಲಿ ಸ್ಟಾನ್ಲೀ ಫೆಲ್ಪ್ಸ್ ಮತ್ತು ನ್ಯಾನ್ಸಿ ಆಸ್ಟಿನ್ ಹೆಂಗಸರಿಗೆಂದೇ ಇಂಥ ಪುಸ್ತಕ ಬರೆದರು. ಹೆಣ್ಣುಮಕ್ಕಳ ಸಂಕೋಚ ಹುಟ್ಟುಗುಣವಲ್ಲ, ಕಲಿಸಿದ ಪಾಠ. ಕಲಿತದ್ದನ್ನು ಮರೆಯಲೂಬಹುದು ಎಂಬ ಮಾತು ಆ ದಶಕದಲ್ಲಿ ಮನೆಮನೆಗೆ ಹೋಯಿತು.

ಇನ್ನು ಮೊದಲ ಕೋಣೆಯ ಕತೆ. ಅದರ ದಾರಿ ಉದ್ದ, ಅದು ಹೊರಡುವುದು ಬರ್ಮಾದಿಂದ. 1885ರಲ್ಲಿ ಬ್ರಿಟಿಷರು ಮಂಡಾಲೆಯನ್ನು ಹಿಡಿದು ದೊರೆ ತಿಬಾನನ್ನು ನಮ್ಮ ಕೊಂಕಣ ತೀರದ ರತ್ನಾಗಿರಿಗೆ ಕಳಿಸಿದರು. ದೊರೆ ಹೋದರೆ ಧರ್ಮವನ್ನು ಕಾಯುವವರು ಯಾರು? ಲೇಡಿ ಸಯಾಡೊ ಎಂಬ ಭಿಕ್ಷು ಇದಕ್ಕೆ ಉತ್ತರ ಹುಡುಕಿದರು: ಜನರೇ ಕಾಯಬೇಕು. ಅಲ್ಲಿಯವರೆಗೆ ಬಹುಮಟ್ಟಿಗೆ ಭಿಕ್ಷುಗಳದ್ದಾಗಿದ್ದ ಶಾಸ್ತ್ರ ಮತ್ತು ಧ್ಯಾನವನ್ನು ಅವರು ಊರೂರು ತಿರುಗಿ ಸಂಸಾರಸ್ಥರಿಗೆ ಹೇಳಿಕೊಟ್ಟರು. ಆಳಿಸಿಕೊಂಡ ಜನ ತಮ್ಮದನ್ನು ತಾವು ಉಳಿಸಿಕೊಳ್ಳಲು ಮಾಡಿದ ಕೆಲಸ ಅದು. ಆಳುವವರಿಗೆ ತಗ್ಗಿ ನಡೆಯುವ ಉಪಾಯವಾಗಿರಲಿಲ್ಲ.

ಆ ಪರಂಪರೆ ಒಬ್ಬ ರೈತನ ಮೂಲಕ, ಸಯಾ ತೆಜಿ ಅವರ ಮೂಲಕ, ಊ ಬಾ ಖಿನ್ ಎಂಬ ಸರ್ಕಾರಿ ನೌಕರರಿಗೆ ಬಂತು. ಬರ್ಮಾ 1948ರಲ್ಲಿ ಸ್ವತಂತ್ರವಾದಾಗ ಅದರ ಮೊದಲ ಅಕೌಂಟೆಂಟ್ ಜನರಲ್ ಆದವರು ಇವರೇ. ಕಡತಗಳ ನಡುವೆಯೇ ತಮ್ಮ ಕಚೇರಿಯವರಿಗೆ ಧ್ಯಾನ ಕಲಿಸಿದರು. ಅವರ ಶಿಷ್ಯ, ಮಂಡಾಲೆಯಲ್ಲಿ ಹುಟ್ಟಿದ ವ್ಯಾಪಾರಿ ಎಸ್. ಎನ್. ಗೋಯೆಂಕಾ. ಬಿಡದ ಅರೆತಲೆನೋವಿಗೆ ಪರಿಹಾರ ಹುಡುಕುತ್ತ 1955ರಲ್ಲಿ ಗುರುವಿನ ಬಳಿ ಹೋದ ಇವರು, 1969ರಲ್ಲಿ ಭಾರತಕ್ಕೆ ಬಂದು ವಿಪಶ್ಯನ ಶಿಬಿರಗಳನ್ನು ಶುರು ಮಾಡಿದರು. ಇಂದು ಬೆಂಗಳೂರಿನ ಹತ್ತಿರವೂ ಅಂಥ ಕೇಂದ್ರವಿದೆ. ನಮ್ಮ ಬಂಧುಬಳಗದಲ್ಲಿ ಹತ್ತು ದಿನ ಮಾತಿಲ್ಲದೆ ಕೂತು ಬಂದವರು ಒಬ್ಬರಾದರೂ ಇರುತ್ತಾರೆ. ಬರ್ಮಾದ್ದೇ ಇನ್ನೊಂದು ಧಾರೆ ಮಹಾಸಿ ಸಯಾಡೊ ಅವರದು. ಏಷ್ಯಾಕ್ಕೆ ಬಂದು ಈ ಎರಡೂ ಧಾರೆಗಳ ನೀರು ಕುಡಿದ ಅಮೆರಿಕದ ತರುಣ ತರುಣಿಯರು ಹಿಂದಿರುಗಿ 1975ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ಯಾರಿ ಎಂಬ ಹಳ್ಳಿಯಲ್ಲಿ ಧ್ಯಾನಸಂಸ್ಥೆ ಕಟ್ಟಿದರು. ಜೋಸೆಫ್ ಗೋಲ್ಡ್‌ಸ್ಟೀನ್, ಶ್ಯಾರನ್ ಸಾಲ್ಜ್‌ಬರ್ಗ್, ಜ್ಯಾಕ್ ಕಾರ್ನ್‌ಫೀಲ್ಡ್ ಅದರ ಸ್ಥಾಪಕರು.

ಬ್ಯಾರಿಯಿಂದ ವುಸ್ಟರ್ ಪಟ್ಟಣ ದೂರವಿಲ್ಲ. ಎಂ.ಐ.ಟಿ.ಯಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಸಾಲ್ವಡಾರ್ ಲೂರಿಯಾ ಅವರ ಕೈಕೆಳಗೆ ಅಣುಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದ ಜಾನ್ ಕಬಟ್-ಜಿನ್, ಬ್ಯಾರಿಯಲ್ಲಿ ಧ್ಯಾನಕ್ಕೆ ಕೂತಿದ್ದಾಗ ಒಂದು ಯೋಚನೆ ಹೊಳೆಯಿತಂತೆ. ಅದನ್ನೇ 1979ರಲ್ಲಿ ವುಸ್ಟರಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ತರಗತಿಯಾಗಿ ತೆರೆದರು. ವೈದ್ಯರಿಂದ ಇನ್ನೇನೂ ಆಗದು ಎನ್ನಿಸಿಕೊಂಡ, ಬಿಡದ ನೋವಿನ ರೋಗಿಗಳು ಅವರ ಮೊದಲ ವಿದ್ಯಾರ್ಥಿಗಳು. ಬುದ್ಧನ ಹೆಸರಿಲ್ಲ, ಮಂತ್ರವಿಲ್ಲ, ಗಂಧದಕಡ್ಡಿಯಿಲ್ಲ. ಒಂದು ಒಣದ್ರಾಕ್ಷಿಯನ್ನು ಮೊದಲ ಸಲ ನೋಡುವವರಂತೆ ನೋಡಿ, ಮೂಸಿ, ನಿಧಾನವಾಗಿ ತಿನ್ನುವುದರಿಂದ ಪಾಠ ಶುರು. ನಾನು ಸೇರಿದ ತರಗತಿಯಲ್ಲೂ ಅದೇ. ಪಾಯಸದಲ್ಲಿ ಹಿಡಿಗಟ್ಟಲೆ ತಿಂದವಳಿಗೆ ಒಂದೇ ದ್ರಾಕ್ಷಿಗೆ ಹತ್ತು ನಿಮಿಷ!

ಅವರು ಬುದ್ಧನ ಹೆಸರನ್ನು ಹೊರಗಿಟ್ಟ ಕಾಲದ ಹಿನ್ನೆಲೆಯೂ ತಿಳಿದಿರಬೇಕು. ನ್ಯೂಜೆರ್ಸಿಯ ಐದು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಹರ್ಷಿ ಮಹೇಶ ಯೋಗಿಯವರ ಧ್ಯಾನವನ್ನು ಪಾಠವಾಗಿ ಕಲಿಸಿದ್ದರ ಮೇಲೆ ಪೋಷಕರು ಮೊಕದ್ದಮೆ ಹೂಡಿದ್ದರು. ಮಂತ್ರೋಪದೇಶಕ್ಕೆ ಮುಂಚೆ ಪೂಜೆ ಇತ್ತು. ಸರ್ಕಾರಿ ಶಾಲೆಯಲ್ಲಿ ಧರ್ಮಬೋಧನೆ ಸಲ್ಲದು ಎಂದು 1977ರಲ್ಲಿ ನ್ಯಾಯಾಲಯ ಹೇಳಿತು. 1979ರಲ್ಲಿ ಮೇಲಿನ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ವುಸ್ಟರಿನ ತರಗತಿ ಶುರುವಾದದ್ದೂ ಅದೇ ವರ್ಷ. ಧ್ಯಾನ ಈ ದೇಶದ ಶಾಲೆಯ ಬಾಗಿಲು ದಾಟಬೇಕಾದರೆ ಆಸ್ಪತ್ರೆಯ ಬಿಳಿ ಬಟ್ಟೆ ಹಾಕಿಕೊಂಡೇ ಬರಬೇಕಿತ್ತು, ಹಾಗೆಯೇ ಬಂತು.

ಬಟ್ಟೆ ಬದಲಿಸುವಾಗ ಹಳೆಯ ಜೇಬಿನಲ್ಲಿದ್ದ ಒಂದು ವಸ್ತು ಅಲ್ಲೇ ಉಳಿಯಿತು. ಅದೇನೆಂದು ಹೇಳುವ ಮೊದಲು ಪದದ ವಿಚಾರ. ಪಾಲಿಯ 'ಸತಿ' ಎಂಬ ಪದಕ್ಕೆ, ಅಂದರೆ ಸಂಸ್ಕೃತದ 'ಸ್ಮೃತಿ'ಗೆ, 1881ರಲ್ಲಿ 'ಮೈಂಡ್‌ಫುಲ್‌ನೆಸ್' ಎಂಬ ಇಂಗ್ಲಿಷ್ ಪದ ಕೊಟ್ಟವರು ಟಿ. ಡಬ್ಲ್ಯೂ. ರೀಸ್ ಡೇವಿಡ್ಸ್. ಸಿಂಹಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದಾಗ ಪಾಲಿ ಕಲಿತವರು. ಸತಿ ಎಂದರೆ ನೆನಪೂ ಹೌದು, ಎಚ್ಚರವೂ ಹೌದು. ನಮ್ಮ 'ಮೈಮರೆವು' ಎಂಬುದಕ್ಕೆ ಎದುರಾದದ್ದು ಎಂದರೆ ಕನ್ನಡಿಗರಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಮೈಮರೆವು ಹೋಗುವುದು ಎಂದರೆ ಮೌನವಾಗುವುದು ಎಂದೇನೂ ಅಲ್ಲ.

ಜೇಬಿನಲ್ಲಿ ಉಳಿದ ವಸ್ತು ಇದು. ಭಿಕ್ಷುಗಳ ನಿಯಮಗಳನ್ನು ಹೇಳುವ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಕೋಸಲ ದೇಶದಲ್ಲಿ ಕೆಲವು ಭಿಕ್ಷುಗಳು ಮಳೆಗಾಲದ ಮೂರು ತಿಂಗಳು ಒಟ್ಟಿಗೆ ಇರಬೇಕಾಗಿತ್ತು. ಜಗಳವಾಗಬಾರದೆಂದು ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡದೆ ಕಳೆದರು. ಮಳೆಗಾಲ ಮುಗಿದ ಮೇಲೆ ಹೆಮ್ಮೆಯಿಂದ ಬುದ್ಧನ ಬಳಿ ಹೋಗಿ ಹೇಳಿದರು. ಬುದ್ಧ ಮೆಚ್ಚಲಿಲ್ಲ. ಇದು ದನಕರುಗಳು ಒಟ್ಟಿಗಿರುವ ರೀತಿ ಎಂದು ಆಕ್ಷೇಪಿಸಿ, ಮೂಕವ್ರತವನ್ನೇ ಬೇಡವೆಂದ. ಅದರ ಬದಲು 'ಪವಾರಣಾ' ಎಂಬ ಕ್ರಮವನ್ನು ತಂದ. ಮಳೆಗಾಲದ ಕೊನೆಗೆ ಒಬ್ಬೊಬ್ಬ ಭಿಕ್ಷುವೂ, ಹಿರಿಯರಿಂದ ಹಿಡಿದು ಕಿರಿಯರವರೆಗೆ, ಕೈಮುಗಿದು ಕೂತು, ನನ್ನಲ್ಲಿ ಏನಾದರೂ ತಪ್ಪು ಕಂಡಿದ್ದರೆ, ಕೇಳಿದ್ದರೆ, ಅನುಮಾನವಿದ್ದರೆ ದಯವಿಟ್ಟು ಹೇಳಿ ಎಂದು ಸಂಘವನ್ನು ಕೇಳಿಕೊಳ್ಳಬೇಕು. ಅದೇ ಗ್ರಂಥದಲ್ಲಿ ಶಿಷ್ಯನ ಕರ್ತವ್ಯಗಳ ಪಟ್ಟಿಯೂ ಇದೆ. ಗುರುವಿಗೆ ನೀರು ಕೊಡಬೇಕು, ಆಸನ ಹಾಕಬೇಕು, ಗುರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು. ಜೊತೆಗೆ ಇದೂ ಇದೆ: ಗುರುವಿನ ಮಾತು ತಪ್ಪಿನ ಹತ್ತಿರ ಹೋಗುತ್ತಿದ್ದರೆ ಶಿಷ್ಯ ಅವನನ್ನು ತಡೆಯಬೇಕು.

ಇದನ್ನು ಓದಿದಾಗ ನನಗೆ ನಮ್ಮೂರಿನ ಬಂಡೆಯೊಂದು ನೆನಪಾಯಿತು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಬಿ. ಎಲ್. ರೈಸ್ ಅವನ್ನು ಪತ್ತೆ ಮಾಡಿದರು. ಏಳನೇ ತರಗತಿಯಲ್ಲಿದ್ದಾಗ ಮೇಷ್ಟ್ರು ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದರು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಇದು ಹಳೆಯ ಕಾಲದಿಂದ ಬಂದ ರೀತಿ ಎಂದು ಅಲ್ಲಿದೆ. ಮೇಷ್ಟ್ರು ಗುರುವನ್ನು ಗೌರವಿಸಬೇಕು ಎಂಬುದನ್ನು ಎರಡು ಸಲ ಹೇಳಿದರು. ನಾವು ಸಾಲಾಗಿ ಕೈಕಟ್ಟಿ ನಿಂತು ಕೇಳಿದೆವು. ಸತ್ಯ ನುಡಿಯಬೇಕು ಎಂಬುದನ್ನು ಒಂದೇ ಸಲ ಹೇಳಿದ್ದರು ಎಂಬುದು ಈಗ ಹೊಳೆಯುತ್ತದೆ. ಎರಡೂ ಒಂದೇ ಬಂಡೆಯ ಮೇಲೆ, ಒಂದೇ ಶಾಸನದಲ್ಲಿ ಇವೆ.

ಎರಡು ಕೋಣೆಗಳ ನಡುವಿನ ಗೋಡೆಯನ್ನು ಒಡೆದವರು ಯಾರು ಎಂದು ಹುಡುಕಿದರೆ ಒಬ್ಬ ಹೆಂಗಸಿನ ಹೆಸರು ಸಿಗುತ್ತದೆ. ಮಾರ್ಷಾ ಲಿನೆಹನ್. 1961ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಅವರನ್ನು ಕನೆಕ್ಟಿಕಟ್ಟಿನ ಮಾನಸಿಕ ಆಸ್ಪತ್ರೆಗೆ ಸೇರಿಸಿದ್ದರು. ತನ್ನನ್ನು ತಾನೇ ಗಾಯಮಾಡಿಕೊಳ್ಳುತ್ತಿದ್ದ ಹುಡುಗಿ. ಗುಣವಾಗಿ, ಮನಶ್ಶಾಸ್ತ್ರಜ್ಞೆಯಾಗಿ, ತನ್ನಂಥವರಿಗೇ ಚಿಕಿತ್ಸೆ ಹುಡುಕಿದರು. ತಮ್ಮ ಈ ಕತೆಯನ್ನು 2011ರಲ್ಲಿ, ಅದೇ ಆಸ್ಪತ್ರೆಯಲ್ಲಿ ನಿಂತು ಎಲ್ಲರೆದುರು ಹೇಳಿದರು. ಸಾಲ್ಟರ್, ವೋಲ್ಪೆಯವರಿಂದ ಬಂದ ವರ್ತನಾ ಚಿಕಿತ್ಸೆಯಲ್ಲಿ ಪಳಗಿದ್ದ ಅವರು ಜೆನ್ ಧ್ಯಾನವನ್ನೂ ಕಲಿತು, ಎರಡನ್ನೂ ಸೇರಿಸಿ 1993ರಲ್ಲಿ ತಮ್ಮ ಕೈಪಿಡಿ ಪ್ರಕಟಿಸಿದರು. ಅದರಲ್ಲಿ ನಾಲ್ಕು ಪಾಠಗಳು: ಎಚ್ಚರದಿಂದಿರುವುದು, ಸಂಕಟವನ್ನು ತಾಳಿಕೊಳ್ಳುವುದು, ಭಾವನೆಗಳನ್ನು ನಿಭಾಯಿಸುವುದು, ಮತ್ತು ಇನ್ನೊಬ್ಬರ ಹತ್ತಿರ ಬೇಕಾದದ್ದನ್ನು ಕೇಳುವುದು, ಬೇಡವಾದದ್ದನ್ನು ಬೇಡವೆನ್ನುವುದು.

ಈ ನಾಲ್ಕನೆಯ ಪಾಠಕ್ಕೆ ಏಳು ಮೆಟ್ಟಿಲು. ನಡೆದದ್ದನ್ನು ಹೇಳು. ನಿನಗೆ ಏನನಿಸಿತು ಹೇಳು. ಬೇಕಾದದ್ದನ್ನು ನೇರವಾಗಿ ಕೇಳು. ಒಪ್ಪಿದರೆ ಅವರಿಗೂ ಏನು ಒಳ್ಳೆಯದು ಎಂದು ತಿಳಿಸು. ಎಚ್ಚರದಿಂದಿರು, ಮಾತು ಬೇರೆಡೆಗೆ ಎಳೆದರೆ ಹೋಗಬೇಡ. ಅಳುಕದೆ ನಿಲ್ಲು. ಕೊಟ್ಟು ತೆಗೆದುಕೊಳ್ಳಲು ಸಿದ್ಧಳಾಗಿರು. ಐದನೆಯ ಮೆಟ್ಟಿಲು ನೋಡಿ: ಬರ್ಮಾದಿಂದ ಬಂದ, ಜೆನ್ ಗುರುಗಳಿಂದ ಬಂದ ಆ 'ಎಚ್ಚರ' ಇಲ್ಲಿ ಮಾತಿನ ಮಧ್ಯೆ ಬಂದು ಕೂತಿದೆ. ಧ್ಯಾನದ ಕೋಣೆಯಿಂದ ಹೊರಬಂದು, ಅಪ್ಪನ ಎದುರು, ಮೇಷ್ಟ್ರ ಎದುರು ಕೆಲಸಕ್ಕೆ ಬಂದಿದೆ.

ವಿದ್ಯಾರ್ಥಿಗಳಿಗೆ ಇದೆಲ್ಲ ನಿಜವಾಗಿ ಉಪಯೋಗವೇ? ಎರಡು ದೊಡ್ಡ ಅಧ್ಯಯನಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ 616 ವಿದ್ಯಾರ್ಥಿಗಳು ತಾವಾಗಿ ಮುಂದೆ ಬಂದು ಸೇರಿದ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಎಂಟು ವಾರದ ಮೈಂಡ್‌ಫುಲ್‌ನೆಸ್ ತರಗತಿಗೆ ಹೋದವರಿಗೆ, ಹೋಗದವರಿಗಿಂತ, ಪರೀಕ್ಷೆಯ ದಿನಗಳಲ್ಲಿ ಸಂಕಟ ಕಡಿಮೆಯಿತ್ತು. ಎರಡನೆಯದು ಬ್ರಿಟನ್ನಿನ 85 ಶಾಲೆಗಳಲ್ಲಿ, ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ 'ಮಿರಿಯಡ್' ಅಧ್ಯಯನ. ಅಲ್ಲಿ ಶಿಕ್ಷಕರೇ ತರಬೇತಿ ಪಡೆದು ಇಡೀ ತರಗತಿಗೆ ಪಾಠ ಮಾಡಿದರು. 2022ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ನಿರಾಸೆ: ಮಾಮೂಲಿ ಪಾಠಕ್ಕಿಂತ ಇದರಿಂದ ಮಕ್ಕಳ ಮನಸ್ಸಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಮೊದಲೇ ನೊಂದಿದ್ದ ಕೆಲವು ಮಕ್ಕಳಿಗೆ ಅದು ಒಗ್ಗದಿರಬಹುದು ಎಂಬ ಸುಳಿವೂ ಇತ್ತು.

ವಯಸ್ಸು ಬೇರೆ, ಕಲಿಸಿದವರು ಬೇರೆ, ಹೌದು. ಆದರೂ ನನಗೆ ಎದ್ದು ಕಾಣುವುದು ಒಂದು ವ್ಯತ್ಯಾಸ. ಒಂದು ಕಡೆ 'ನನಗೆ ಬೇಕು' ಎಂದು ಬಂದವರು. ಇನ್ನೊಂದು ಕಡೆ ವೇಳಾಪಟ್ಟಿಯಲ್ಲಿ ಬಂತೆಂದು ಕೂತವರು. ಬೇಡ ಎನ್ನುವ ಅವಕಾಶವಿಲ್ಲದೆ ಕಲಿಸಿದ ಧ್ಯಾನ ಡ್ರಿಲ್ಲಿನ ಪೀರಿಯಡ್ಡೇ. ನನ್ನ ಸೊಸೆಯ ಹಾಸ್ಟೆಲ್ಲಿನಲ್ಲಿ ಬೆಳಿಗ್ಗೆ ಐದೂವರೆಗೆ ನಡೆಯುವುದು ಅದು. ಹನ್ನೆರಡು ಗಂಟೆ ಓದಿಸುವವರು ಹದಿಮೂರನೆಯ ಗಂಟೆಯನ್ನೂ ಹಿಂಡಲು ಹತ್ತು ನಿಮಿಷ ಎಣ್ಣೆ ಬಿಡುತ್ತಾರೆ. ಆತಂಕ ಅಲ್ಲಿ ರೋಗವಲ್ಲ, ಸುದ್ದಿ. ಈ ದಾರಿ ನನ್ನದಲ್ಲ ಎಂದು ಅವಳ ಹೊಟ್ಟೆ ಅವಳಿಗೆ ಹೇಳುತ್ತಿರುವ ಸುದ್ದಿ. ಸುದ್ದಿ ತಂದವನನ್ನೇ ಮಲಗಿಸಿಬಿಟ್ಟರೆ ಓಲೆ ಓದುವವರು ಯಾರು?

ಹಾಗೆಂದು ಉಸಿರಿನ ಪಾಠವನ್ನು ನಾನು ಬಿಟ್ಟುಕೊಡಲಾರೆ. ಅಂದು ನಾನು ಮೊದಲ ಕೋಣೆಗೂ ಹೋದೆ, ಎರಡನೆಯದಕ್ಕೂ ಹೋದೆ. ಎರಡನೆಯದರಲ್ಲಿ ಮಾತುಗಳನ್ನು ಬಾಯಿಪಾಠ ಮಾಡಿಸಿದರು. ಆದರೆ ಮಾರ್ಗದರ್ಶಕರ ಮುಂದೆ ನಿಂತಾಗ ಆ ಮಾತುಗಳೆಲ್ಲ ಮಾಯ. ಮೊದಲನೆಯದರಲ್ಲಿ ಕಲಿತದ್ದು ಆಗ ಕೈಹಿಡಿಯಿತು. ಗಂಟಲು ಬಿಗಿಯುತ್ತಿದೆ, ಗೊತ್ತಾಯಿತು. ಪಾದ ನೆಲದ ಮೇಲಿದೆ, ಗೊತ್ತಾಯಿತು. ಒಂದು ಉಸಿರು ಬಿಟ್ಟೆ. ಈ ವಾರ ಇದನ್ನು ತಿದ್ದಲು ನನ್ನಿಂದ ಆಗುವುದಿಲ್ಲ, ನನ್ನ ಪಾಲಿನ ಗಂಟೆಗಳು ಮುಗಿದಿವೆ ಎಂದೆ. ಅವರು ಸರಿ ಎಂದು ಕಟ್ಟನ್ನು ಎತ್ತಿಕೊಂಡು ಹೋದರು. ಅಷ್ಟೇ! ಆರು ತಿಂಗಳು ನಿದ್ದೆಗೆಟ್ಟದ್ದು ಈ 'ಸರಿ'ಗಾಗಿಯೇ ಎಂದು ನನಗೆ ನಾಚಿಕೆಯಾಯಿತು. ಎಲ್ಲ ಸಲವೂ ಎದುರಿನವರು ಸರಿ ಎನ್ನುವುದಿಲ್ಲ ಎಂಬುದನ್ನು ಆಮೇಲೆ ಕಲಿತೆ.

ಹಳಗನ್ನಡದಲ್ಲಿ 'ಉಸಿರ್' ಎಂದರೆ ಉಸಿರಾಡು ಎಂದೂ ಅರ್ಥ, ಹೇಳು ಎಂದೂ ಅರ್ಥ. ಇಂದಿಗೂ 'ಅವನ ಮುಂದೆ ಯಾರೂ ಉಸಿರೆತ್ತಲಿಲ್ಲ' ಎನ್ನುತ್ತೇವಲ್ಲ. ಅಮೆರಿಕದವರು ಎರಡು ಕೋಣೆಗಳಲ್ಲಿಟ್ಟು, ಮತ್ತೆ ಒಂದು ಮಾಡಲು ದಶಕಗಳನ್ನೇ ತೆಗೆದುಕೊಂಡದ್ದು ನಮ್ಮ ನುಡಿಯಲ್ಲಿ ಒಂದೇ ಪದದಲ್ಲಿತ್ತು. ಪದ ಇದ್ದರಾಯಿತೇ, ನಾವು ಮಕ್ಕಳಿಗೆ ಕಲಿಸಿದ್ದು ಮಾತ್ರ ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆಯನ್ನು.

ಮುಂದಿನ ಭಾನುವಾರ ಸೊಸೆ ಕೇಳಿದಳು: "ಅತ್ತೆ, ಅಪ್ಪಂಗೆ ನೀವೇ ಹೇಳ್ಬಿಡಿ." ಹೇಳಿಬಿಡಬಹುದಿತ್ತು. ದೂರದಲ್ಲಿರುವವರಿಗೆ ಇಂಥ ಉಪಕಾರ ಸುಲಭ. ಬೇಡವೆಂದೆ. ಭಯ ತೀರಾ ಹೆಚ್ಚಾದರೆ ಇರಲಿ ಎಂದು, ಕನ್ನಡದಲ್ಲೇ ಮಾತಾಡುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆಸಿದೆ. ಉಳಿದ ನಾಲ್ಕು ನಿಮಿಷ ಏಳು ಮೆಟ್ಟಿಲುಗಳನ್ನು ಕನ್ನಡದಲ್ಲಿ ಹೇಳಿಕೊಟ್ಟೆ. ಐದು ಭಾನುವಾರ ನಾನು ಅವಳ ಅಪ್ಪನಾದೆ. ಬೈದೆ, ಊರವರ ಮಾತೆತ್ತಿದೆ, ಕಟ್ಟಿದ ಫೀಸಿನ ಲೆಕ್ಕ ಹೇಳಿದೆ. ಮೊದಮೊದಲು ಅತ್ತಳು. ನಾಲ್ಕನೆಯ ವಾರ ನಕ್ಕಳು. ಐದನೆಯ ವಾರ, "ನಾನು ಭೂವಿಜ್ಞಾನ ಓದ್ಬೇಕು ಅಂತಿದೀನಿ ಅಪ್ಪ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. 'ನಾನು' ಎಂದು ಶುರು ಮಾಡಿದ್ದಳು.

ದಸರಾ ರಜೆಗೆ ಮನೆಗೆ ಹೋದವಳು ನಿಜವಾದ ಅಪ್ಪನಿಗೆ ಅದನ್ನು ಹೇಳಿದಳಂತೆ. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂರನೆಯ ದಿನ ನನಗೆ ಅಣ್ಣನ ಫೋನು ಬಂತು. ಕುಶಲ ಕೇಳಲಿಲ್ಲ. "ಇದನ್ನೆಲ್ಲ ನೀನೇ ಹೇಳಿಕೊಟ್ಟಿದ್ದಾ?" ಎಂದ.

ನನಗಿಂತ ಒಂಬತ್ತು ವರ್ಷ ದೊಡ್ಡವನು. ನನ್ನ ಫೀಸು ಕಟ್ಟಿದವನು, ನನ್ನನ್ನು ವಿಮಾನ ಹತ್ತಿಸಿದವನು. ಅವನ ಎದುರು ನಾನು ಇವತ್ತಿಗೂ ದನಿ ಏರಿಸಿದವಳಲ್ಲ. ಗಂಟಲು ಬಿಗಿಯಿತು. ಇಲ್ಲಣ್ಣ, ಅವಳೇ ಏನೋ ಅಂದಿರಬೇಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಡುಗೆಮನೆಯ ನೆಲ ತಣ್ಣಗಿತ್ತು. ಒಂದು ಉಸಿರು ಬಿಟ್ಟೆ.

"ಹೌದಣ್ಣ, ನಾನೇ ಹೇಳಿಕೊಟ್ಟೆ" ಎಂದೆ.

ಅವನು ಏನೂ ಅನ್ನಲಿಲ್ಲ, ಫೋನನ್ನೂ ಇಡಲಿಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಹಾಗೆಯೇ ಒಬ್ಬರ ಉಸಿರನ್ನು ಒಬ್ಬರು ಕೇಳುತ್ತ ನಿಂತಿದ್ದೆವು. ಆಮೇಲೆ ಅವನು, "ಭೂವಿಜ್ಞಾನ ಓದಿದ್ರೆ ಏನು ಕೆಲ್ಸ ಸಿಗುತ್ತೆ?" ಎಂದು ಕೇಳಿದ.